ವೃದ್ಧಾಶ್ರಮದ ಆಯಾ ಕೆಲಸ: ಇನ್ಸುಲಿನ್, ಎಟಿಎಂ ಎಲ್ಲ ನಾನೇ ಮಾಡಬೇಕಾ?

ಮೈಸೂರಿನವಳು
ಖಾಸಗಿ ವೃದ್ಧಾಶ್ರಮದಲ್ಲಿ ಆಯಾ ಆಗಿದ್ದೇನೆ. ಸ್ನಾನ, ಊಟ, ಡಯಾಪರ್, ಹಾಸಿಗೆ, ಇಷ್ಟೇ ಕೆಲಸ ಅಂತ ಸೇರುವಾಗ ಹೇಳಿದ್ದರು. ಈಗ ಅಡುಗೆಯವರು ರಜೆ ಹಾಕಿದರೆ ಚಪಾತಿ ಲಟ್ಟಿಸಬೇಕು, ರಾತ್ರಿ ಸಿಸ್ಟರ್ ಇಲ್ಲದಿದ್ದರೆ ಅಜ್ಜಿಗೆ ಇನ್ಸುಲಿನ್ ಚುಚ್ಚಬೇಕು, ಸಾಲದ್ದಕ್ಕೆ ಒಬ್ಬ ಅಜ್ಜ ಎಟಿಎಂ ಕಾರ್ಡು, ಪಿನ್ ಎರಡೂ ಕೊಟ್ಟು ಪಿಂಚಣಿ ತಂದುಕೊಡಮ್ಮ ಅನ್ನುತ್ತಾರೆ. ಚಪಾತಿಗೆ ಬೇಜಾರಿಲ್ಲ. ಉಳಿದೆರಡಕ್ಕೆ ಭಯ. ಮ್ಯಾನೇಜರ್ ಕೇಳಿದರೆ ‘ಮನೆಯವರ ಥರ ನೋಡಿಕೊಳ್ಳಮ್ಮ’ ಅಷ್ಟೇ. ಹೇಗೆ ಆಗಲ್ಲ ಅನ್ನಲಿ?

ರಿಟೈರ್ಡ್ ಸಿಸ್ಟರ್
ಇನ್ಸುಲಿನ್ ಮುಟ್ಟಲೇಬೇಡಿ ಕಣಮ್ಮ. ನಮ್ಮಲ್ಲಿ ಇನ್ಸುಲಿನ್‌ದು ಎರಡು ಥರದ ವಯಲ್ (ಔಷಧಿ ಸೀಸೆ) ಸಿಗುತ್ತವೆ, ಒಂದು ಎಂಎಲ್‌ಗೆ 40 ಯೂನಿಟ್‌ದು, ಇನ್ನೊಂದು 100ರದ್ದು. ಸಿರಿಂಜೂ ಬೇರೆ ಬೇರೆ, 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ. 100ರ ಔಷಧಿಯನ್ನು ಕೆಂಪು ಮುಚ್ಚಳದ್ದರಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗೋದು 50 ಯೂನಿಟ್! ಅಜ್ಜಿ ಊಟ ಬೇರೆ ಅರ್ಧಕ್ಕೆ ಬಿಟ್ಟಿದ್ದರೆ ಶುಗರ್ ಇಳಿದು ಎಚ್ಚರ ತಪ್ಪುತ್ತದೆ, ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡು ಯಾರೂ ಹತ್ತಿರ ಹೋಗಲ್ಲ. ಬೆವರು, ನಡುಕ, ತಬ್ಬಿಬ್ಬು ಕಂಡರೆ, ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ, ಸಕ್ಕರೆ ನೀರು ಕುಡಿಸಿ ಡಾಕ್ಟರಿಗೆ ಫೋನ್ ಮಾಡಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ.

ಬ್ಯಾಂಕಿನಲ್ಲಿದ್ದವನು
ಕಾರ್ಡು ಇವತ್ತೇ ವಾಪಸ್ ಕೊಡಿ. ಒಂದು ರೂಪಾಯಿ ಮುಟ್ಟದಿದ್ದರೂ, ಲೆಕ್ಕ ತಪ್ಪಿದ ದಿನ ಮಗ ಸೊಸೆ ಮೊದಲು ನೋಡೋದು ನಿಮ್ಮ ಮುಖಾನೇ. 70 ದಾಟಿದವರಿಗೆ ಮನೆಬಾಗಿಲಿಗೇ ಹಣ ತಲುಪಿಸಿ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ, ಅಜ್ಜನ ಕೈಯಲ್ಲೇ ಶಾಖೆಗೆ ಫೋನ್ ಮಾಡಿಸಿ. ಪಿಂಚಣಿದಾರರು ಬದುಕಿದ್ದಾರೆ ಅಂತ ತೋರಿಸೋ ನವೆಂಬರಿನ ಜೀವನ ಪ್ರಮಾಣಪತ್ರಕ್ಕೆ ಬೇಕಾದರೆ ಸಹಾಯ ಮಾಡಿ, ಈಗ ಮೊಬೈಲಿಗೆ ಮುಖ ತೋರಿಸಿದರೂ ಆಗುತ್ತದೆ, ಬೆರಳಿನ ಗೆರೆ ಸವೆದವರಿಗೆ ಅದೇ ವಾಸಿ. ಒಟಿಪಿ ಬಂದರೆ ಅವರೇ ಓದಲಿ.

ಅಮ್ಮನ ಮಗಳು
ನಮ್ಮಮ್ಮನೂ ಇಂಥ ಕಡೆಯೇ ಇದ್ದಾರೆ. ತಲೆ ಬಾಚುವಾಗ ಆಯಾ ಸ್ವಲ್ಪ ಹೊತ್ತು ಕೂತು ಮಾತಾಡೋದು ಯಾವ ಡ್ಯೂಟಿ ಪಟ್ಟಿಯಲ್ಲೂ ಇರಲ್ಲ, ಅಮ್ಮ ಕಾಯೋದು ಅದಕ್ಕೇ. ಹಾಗಾಗಿ ಎಲ್ಲದಕ್ಕೂ ಇಲ್ಲ ಅನ್ನಬೇಡಿ ಪ್ಲೀಸ್. ಆದರೆ ‘ಮನೆಯವರ ಥರ’ ಅನ್ನೋ ಮ್ಯಾನೇಜರಿಗೆ ಸಂಬಳದ ದಿನವೂ ಆ ಮಾತು ನೆನಪಿರಬೇಕು ಅಲ್ವಾ? ಅಡುಗೆಗೆ ನಿಲ್ಲಿಸಿದರೆ ಓಟಿ (ಹೆಚ್ಚುವರಿ ಕೆಲಸದ ದುಡ್ಡು) ಕೇಳಿ. ಬಾಯಲ್ಲಿ ಜಗಳ ಬೇಡ, ‘ಇವತ್ತು ರಾತ್ರಿ ಸಿಸ್ಟರ್ ಇಲ್ಲ, ಇನ್ಸುಲಿನ್ ಯಾರು ಕೊಡುತ್ತಾರೆ?’ ಅಂತ ವಾಟ್ಸಾಪಿನಲ್ಲಿ ಹಾಕಿ. ಬರವಣಿಗೆಯಲ್ಲಿ ‘ನೀನೇ ಚುಚ್ಚು’ ಅನ್ನೋ ಧೈರ್ಯ ಯಾರಿಗೂ ಬರಲ್ಲ.

ಮೈಸೂರಿನವಳು
ಕಾರ್ಡು ಕೊಟ್ಟುಬಿಟ್ಟೆ, ಅಜ್ಜನಿಗೆ ಕೋಪ ಬಂದಿದೆ, ಇರಲಿ. ಸಿಸ್ಟರ್, ನೀವು ಹೇಳಿದ ಮೇಲೆ ಡ್ರಾ ತೆಗೆದು ನೋಡಿದೆ. ಎರಡು ಬಣ್ಣದ ಸಿರಿಂಜೂ ಒಟ್ಟಿಗೇ ಬಿದ್ದಿವೆ. ಫೋಟೊ ಮ್ಯಾನೇಜರಿಗೆ ಕಳಿಸಿದ್ದೇನೆ.