ಸಹಾಯ ಬೇಕು: ‘ಶೇ. 25 ಕಡಿಮೆ’ ಅನ್ನೋದನ್ನ ಕನ್ನಡದಲ್ಲಿ ಹೇಗೆ ಬಿಡಿಸಿ ಹೇಳೋದು?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ನಮ್ಮೂರ ಲೈಬ್ರರಿ ಗೋಡೆಗೆ ತಿಂಗಳಿಗೊಂದು ಹಾಳೆ ಅಂಟಿಸ್ತೀನಿ, ಯಾವುದಾದ್ರೂ ವೈದ್ಯಕೀಯ ಸಂಶೋಧನೇನ ಸರಳವಾಗಿ ಬರೆದು. ಈ ಸಲ ಸಕ್ಕರೆ ಕಾಯಿಲೆ (ಸಕ್ಕರೆ ನಾಡಲ್ಲಿ ಇನ್ನೇನು ಬರೀಲಿ!). 1998ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದ ಪ್ರಕಾರ, ಸಕ್ಕರೇನ ಬಿಗಿಯಾಗಿ ಹತೋಟಿಯಲ್ಲಿಟ್ಟವರಿಗೆ ಕಣ್ಣು, ಕಿಡ್ನಿಯಂಥ ಕಡೆ ಸಣ್ಣ ರಕ್ತನಾಳಗಳ ತೊಂದರೆ ಶೇ. 25 ಕಡಿಮೆ. ಹಾಗೇ ಬರೆದೆ.

ದಿನಾ ಪೇಪರ್ ಓದೋಕೆ ಬರೋ ತಾತ ಒಬ್ರು ಹಾಳೆ ಮೇಲೆ ಬೆರಳಿಟ್ಟು, "ಅಂದ್ರೆ ನೂರಕ್ಕೆ ಇಪ್ಪತ್ತೈದು ಜನ ಬಚಾವಾ?" ಅಂದ್ರು. ಅಲ್ವಲ್ಲ! ಹತ್ತು ಸಾವಿರ ರೋಗಿಗಳಿದ್ರೆ ವರ್ಷಕ್ಕೆ 114 ಮಂದಿ ಬದಲು 86 ಮಂದಿಗೆ ತೊಂದರೆ, ಅಷ್ಟೇ. ಶೇ. 25 ಅನ್ನೋದು ಆ 114ರಲ್ಲಿ ಕಾಲುಭಾಗದಷ್ಟು, ಎಲ್ಲ ರೋಗಿಗಳಲ್ಲಿ ಅಲ್ಲ. ತಪ್ಪು ನಂದೇ.

‘ಸಾಪೇಕ್ಷ ಅಪಾಯ’ (ಒಂದು ಗುಂಪಿನ ಅಪಾಯ ಇನ್ನೊಂದಕ್ಕೆ ಹೋಲಿಸಿದ್ರೆ ಎಷ್ಟು ಅನ್ನೋದು) ಅಂತ ಬರೆದ್ರೆ ತಾತ ಹಾಳೆ ಹತ್ರಾನೂ ಸುಳಿಯಲ್ಲ. ಎಚ್‌ಬಿಎ1ಸಿಗೆ ‘ಮೂರು ತಿಂಗಳ ಶುಗರ್ ಟೆಸ್ಟ್’ ಅಂತ ಬರೆದಿದ್ದೀನಿ, ಅದು ಎಲ್ಲರಿಗೂ ಗೊತ್ತು. ಇದಕ್ಕೂ ಅಂಥ ಮಾತು ಬೇಕು. ಗುಂಪಲ್ಲಿರೋ ಡಾಕ್ಟರ್‌ಗಳು, ಸ್ಟಾಟಿಸ್ಟಿಕ್ಸ್ ಮೇಷ್ಟ್ರುಗಳು ಯಾರಾದ್ರೂ ಒಂದು ಸಲ ಹಾಳೆ ನೋಡಿಕೊಡ್ತೀರಾ? ಶನಿವಾರ ಜೆರಾಕ್ಸ್ ಮಾಡಿಸ್ಬೇಕು.