ಸಣ್ಣ ತರಗತಿಯ ಮಕ್ಕಳಿಗೆ ಆಪ್ತ ಸಮಾಲೋಚಕರು: ನಿಮ್ಮ ಶಾಲೆಯ ಅನುಭವ ತಿಳಿಸಿ

ಎಸ್‌ಡಿಎಂಸಿ ಅಧ್ಯಕ್ಷ, ಸಿಂಧನೂರು ತಾಲ್ಲೂಕು:

ನಮ್ಮೂರಿನವರೇ ಆದ ದಾನಿಯೊಬ್ಬರು ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ವಾರಕ್ಕೊಂದು ದಿನ ಆಪ್ತ ಸಮಾಲೋಚಕರನ್ನು ಕರೆಸಲು ಒಂದು ವರ್ಷದ ವೆಚ್ಚ ಭರಿಸುವುದಾಗಿ ಹೇಳಿದ್ದಾರೆ. ಒಂದರಿಂದ ಐದನೆಯ ತರಗತಿಯ ಮಕ್ಕಳಲ್ಲಿ ಹಲವರು, ತಂದೆತಾಯಿ ಗುಳೆ ಹೋದ ಮೇಲೆ ಅಜ್ಜ-ಅಜ್ಜಿಯರ ಬಳಿ ಉಳಿದವರು. ಒಬ್ಬಳು ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲ. ಇಬ್ಬರು ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದ್ದಾರೆಂದು ಮನೆಯವರು ಹೇಳುತ್ತಾರೆ. ಆದರೆ ‘ಇಷ್ಟು ಸಣ್ಣವರಿಗೆ ಎಂಥ ಮನಸ್ಸಿನ ಕಾಯಿಲೆ, ಆ ಹಣದಲ್ಲಿ ಶೌಚಾಲಯ ರಿಪೇರಿ ಮಾಡಿಸೋಣ’ ಎನ್ನುವ ಸದಸ್ಯರೂ ನಮ್ಮ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇದ್ದಾರೆ. ಇಂಥ ವ್ಯವಸ್ಥೆಯನ್ನು ಮಾಡಿ ನೋಡಿದವರು ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಮುಖ್ಯ ಶಿಕ್ಷಕಿ, ಕೊಪ್ಪಳ ಜಿಲ್ಲೆ:

ಅಧ್ಯಕ್ಷರೇ, ಮೊದಲು ನಾವು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ನಮ್ಮ ಶಾಲೆಗೆ ಸಮಾಲೋಚಕಿಯೊಬ್ಬರು ಬರತೊಡಗಿದಾಗ ಖಾಲಿ ಕೋಣೆಯೊಂದಕ್ಕೆ ಫಲಕ ಹಾಕಿಸಿ, ಶಿಕ್ಷಕರು ಗುರುತಿಸಿದ ಮಕ್ಕಳನ್ನು ತರಗತಿಯಿಂದ ಹೆಸರು ಹಿಡಿದು ಕರೆದು ಕಳುಹಿಸುತ್ತಿದ್ದೆವು. ಎರಡೇ ವಾರದಲ್ಲಿ ಉಳಿದ ಮಕ್ಕಳು ಅದಕ್ಕೆ ‘ಹುಚ್ಚರ ಖೋಲಿ’ ಎಂದು ಹೆಸರಿಟ್ಟರು; ಆಮೇಲೆ ಕರೆದರೂ ಯಾರೂ ಏಳುತ್ತಿರಲಿಲ್ಲ. ಕೊನೆಗೆ ಆಕೆಯೇ ಫಲಕ ತೆಗೆಸಿ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯ ನೆಲದ ಮೇಲೆ ಎಲ್ಲ ಮಕ್ಕಳ ನಡುವೆ ಕುಳಿತರು. ಏಳೆಂಟು ವರ್ಷದ ಮಗುವನ್ನು ಎದುರಿಗೆ ಕೂರಿಸಿಕೊಂಡು ‘ನಿನಗೇನು ದುಃಖ’ ಎಂದು ಕೇಳಿದರೆ ಅದು ನೆಲ ನೋಡುತ್ತದೆ. ಕೈಗೆ ಎರೆಮಣ್ಣು ಕೊಟ್ಟರೆ ಮಾತು ತಾನಾಗಿ ಹೊರಡುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಎಲ್ಲರೂ ಜೋಡೆತ್ತು ಮಾಡುತ್ತಿದ್ದಾಗ ಎರಡನೆಯ ತರಗತಿಯ ಹುಡುಗನೊಬ್ಬ ಒಂದೇ ಎತ್ತು ಮಾಡಿ ಸುಮ್ಮನೆ ಕುಳಿತ. ಇನ್ನೊಂದು ಎಲ್ಲಿ ಎಂದು ಕೇಳಿದಾಗ, ‘ಅದನ್ನ ಮಾರಿದ್ವಿ ಅಕ್ಕೋರೆ, ಅಪ್ಪ ಅತ್ತ’ ಎಂದ. ನಾಲ್ಕು ತಿಂಗಳಲ್ಲಿ ಅವನಿಂದ ನಾನು ಕೇಳಿದ ಮೊದಲ ಪೂರ್ಣ ವಾಕ್ಯ ಅದು.

ಶೌಚಾಲಯದ ವಾದವನ್ನೂ ಹಗುರವಾಗಿ ತಳ್ಳಿಹಾಕಬೇಡಿ. ದಿನವೂ ಹೊಟ್ಟೆನೋವೆಂದು ಅಳುತ್ತಿದ್ದ ಮೂವರು ಹುಡುಗಿಯರು, ಬಾಗಿಲಿಗೆ ಚಿಲಕವಿಲ್ಲವೆಂದು ಸಂಜೆಯ ತನಕ ಮೂತ್ರ ತಡೆದುಕೊಳ್ಳುತ್ತಿದ್ದರೆಂಬುದನ್ನು ಕಂಡುಹಿಡಿದವರೂ ಆ ಸಮಾಲೋಚಕಿಯೇ. ಅಷ್ಟು ದಿನ ಅದು ನಮಗೆ ಹೊಳೆದಿರಲಿಲ್ಲ ಎನ್ನುವುದು ಈಗಲೂ ನಾಚಿಕೆಯ ಸಂಗತಿ.

ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ಬಳ್ಳಾರಿ:

ಈ ವಿಷಯದಲ್ಲಿ ನಮ್ಮ ಸೀಮೆಗೆ ಹಳೆಯ ಅನುಭವವಿದೆ. ಮಾನಸಿಕ ಆರೋಗ್ಯ ಸೇವೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಕೊಡಬಹುದೇ ಎಂಬುದನ್ನು ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಪರೀಕ್ಷಿಸಿ ನೋಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ತಜ್ಞರು ಎಲ್ಲರನ್ನೂ ನೋಡಲಾರರು, ಸ್ಥಳದಲ್ಲಿರುವವರಿಗೆ ಕಲಿಸಬೇಕು ಎನ್ನುವುದೇ ಅದರ ತಿರುಳು. ನಿಮ್ಮ ಸಮಾಲೋಚಕರ ಅರ್ಧ ದಿನವನ್ನಾದರೂ ಶಿಕ್ಷಕರಿಗೆ ಮತ್ತು ಮನೆಯವರಿಗೆ ಮೀಸಲಿಡಿ. ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ಗಳು 10ರಿಂದ 19 ವರ್ಷದವರಿಗೆ ಮಾತ್ರ. ಅದಕ್ಕಿಂತ ಸಣ್ಣವರು ಹೊರಗುಳಿಯುವುದರಿಂದ ದಾನಿಯ ಹಣ ಸರಿಯಾದ ಕಡೆಗೇ ಹೋಗುತ್ತಿದೆ ಎಂದು ನನ್ನ ಅಭಿಪ್ರಾಯ.

ಆದರೆ ಮಾತನಾಡದ ಆ ಬಾಲಕಿಯ ಕಿವಿಯನ್ನು ಮೊದಲು ಪರೀಕ್ಷಿಸಿರಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ತೋರಿಸಬಹುದು. ಮನೆಯಲ್ಲಿ ಆಕೆ ತೆಲುಗನ್ನೋ ಉರ್ದುವನ್ನೋ ಧಾರಾಳವಾಗಿ ಮಾತನಾಡುತ್ತಾಳೆಯೇ ಎಂದೂ ವಿಚಾರಿಸಿ, ಏಕೆಂದರೆ ಭಾಷೆಯ ತೊಡಕನ್ನು ಮನಸ್ಸಿನ ತೊಂದರೆಯೆಂದು ಬರೆದಿಟ್ಟ ಪ್ರಕರಣಗಳನ್ನು ನಾನು ನೋಡಿದ್ದೇನೆ. ಇನ್ನೊಂದು ಮಾತು: ‘ಯಾರಿಗೂ ಹೇಳುವುದಿಲ್ಲ’ ಎಂದು ಸಮಾಲೋಚಕರು ಮಗುವಿಗೆ ಭಾಷೆ ಕೊಡಬಾರದು. ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098ನ್ನು, ಶಿಕ್ಷಕರಿಗೂ ಪಾಲಕರಿಗೂ ನೆರವಾಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ನ್ನು ಗೋಡೆಯ ಮೇಲೆ ಬರೆಸಿ.

ಪಾಲಕಿ, ಮಾನ್ವಿ:

ನನ್ನ ತಂಗಿ ಮತ್ತು ಆಕೆಯ ಗಂಡ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದಾಗ ಅವರ ಏಳು ವರ್ಷದ ಮಗಳನ್ನು ನಮ್ಮ ಮನೆಯಲ್ಲಿ ಬಿಟ್ಟಿದ್ದರು. ಹಾಸಿಗೆ ಒದ್ದೆಯಾದ ದಿನ ನಮ್ಮ ಅತ್ತೆ ಹೊಡೆಯುತ್ತಿದ್ದರು, ನಾನೂ ಸುಮ್ಮನಿರುತ್ತಿದ್ದೆ. ಶಾಲೆಗೆ ಬರುತ್ತಿದ್ದ ಸಮಾಲೋಚಕಿ ಮಗುವಿಗಿಂತ ಹೆಚ್ಚು ಹೊತ್ತು ಅತ್ತೆಯೊಡನೆ ಕುಳಿತು ಮಾತನಾಡಿ ಹೊಡೆತ ನಿಲ್ಲಿಸಿದರು, ತಾಯಿ ದಿನವೂ ಒಂದೇ ಹೊತ್ತಿಗೆ ಫೋನ್ ಮಾಡುವಂತೆ ಗೊತ್ತುಮಾಡಿದರು. ಎರಡು ತಿಂಗಳಲ್ಲಿ ಬಹಳ ಕಡಿಮೆಯಾಯಿತು. ಅಷ್ಟರಲ್ಲಿ ಅವರ ಬದಲಿಗೆ ಬೇರೊಬ್ಬರು ಬಂದರು, ಅವರೂ ಆರು ವಾರಕ್ಕೆ ಬಿಟ್ಟರು, ಮಗು ‘ಇವರೂ ಹೋದರಾ’ ಎಂದು ಕೇಳಿತು. ಮೊದಲೇ ತಂದೆತಾಯಿ ಬಿಟ್ಟುಹೋಗಿರುವ ಮಕ್ಕಳಿಗೆ ಇದು ಸಣ್ಣ ಪೆಟ್ಟಲ್ಲ. ವರ್ಷವಿಡೀ ಒಬ್ಬರೇ ಬರುವಂತಿದ್ದರೆ ಮಾತ್ರ ನೇಮಿಸಿಕೊಳ್ಳಿ ಎಂದು ನನ್ನ ವಿನಂತಿ.

ಎಸ್‌ಡಿಎಂಸಿ ಅಧ್ಯಕ್ಷ, ಸಿಂಧನೂರು ತಾಲ್ಲೂಕು:

ಮೂವರಿಗೂ ಧನ್ಯವಾದಗಳು. ಒಬ್ಬರೇ ವರ್ಷಪೂರ್ತಿ ಬರಬೇಕೆಂಬ ಷರತ್ತನ್ನು ದಾನಿಗೆ ತಿಳಿಸಿದ್ದೇನೆ. ಇಂದು ಶಾಲೆಗೆ ಹೋಗಿ ನೋಡಿದೆ; ನಮ್ಮ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೂ ಚಿಲಕವಿಲ್ಲ. ಬಡಿಗೇರನಿಗೆ ಹೇಳಿ ಬಂದಿದ್ದೇನೆ.