ಚಾರ್ಟಿನಲ್ಲಿ ನಮ್ಮ ದಣಪೆ ಎಲ್ಲಿದೆ?

ನಮ್ಮ ಮನೆಯ ಗುಂಪಿನಲ್ಲಿ ನಡೆದ ಮಾತು ಇದು. ದೊಡ್ಡಪ್ಪ ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿದ್ದಾರೆ. ದಣಪೆ ಅಂದರೆ ಆ ಮನೆಯ ದಾರಿಗೆ ಇರುವ ಅಡ್ಡಗಳುಗಳ ಗೇಟು. ಹಳೆಯ ಕಾರು ಕೊಟ್ಟು ಹೊಸದು ತೆಗೆದುಕೊಳ್ಳುವ ಯೋಚನೆ ಅವರದು. ಆತುರ ಮಾತ್ರ ಉಳಿದವರಿಗೆ ಜಾಸ್ತಿ.

ತಮ್ಮ (ಬೆಂಗಳೂರು): (ಫಾರ್ವರ್ಡ್ ಆದ ಸಂದೇಶ)
ಎಸ್‌ಯುವಿ ಮಹಾಯುದ್ಧ! ಕೊಳ್ಳುವ ಮುಂಚೆ ನೋಡಿ!
ಕ್ರೆಟಾ: ಉದ್ದ 4330 ಮಿ.ಮೀ., ಡಿಕ್ಕಿ 433 ಲೀಟರ್
ಗ್ರ್ಯಾಂಡ್ ವಿಟಾರಾ: 4345 ಮಿ.ಮೀ., 373 ಲೀಟರ್
ನೆಕ್ಸಾನ್: 3995 ಮಿ.ಮೀ., 382 ಲೀಟರ್
ಬ್ರೆಜಾ: 3995 ಮಿ.ಮೀ., 328 ಲೀಟರ್
ದೊಡ್ಡದೇ ರಾಜ!

ತಮ್ಮ: ದೊಡ್ಡಪ್ಪ, ಇನ್ನು ಯೋಚನೆ ಮಾಡುವುದು ಏನೂ ಇಲ್ಲ. ಕ್ರೆಟಾ ಬುಕ್ ಮಾಡಿ. ನನ್ನ ಹತ್ತಿರ ಇರುವುದೂ ಅದೇ, ಆರಾಮಾಗಿದೆ.

ದೊಡ್ಡಪ್ಪ: ಚಾರ್ಟು ಚಂದ ಇದೆ ಮಾರಾಯ. ನಮ್ಮ ದಣಪೆ ದಾಟುತ್ತದೋ ಇಲ್ಲವೋ ಅಂತ ಬರೆದಿಲ್ಲವಲ್ಲ?

ಅತ್ತೆ (ಸಾಗರ): ನಾನೂ ಅದೇ ಹೇಳುವುದು ಅಣ್ಣ. ಅಷ್ಟು ದೊಡ್ಡ ಗಾಡಿ ಅಲ್ಲಿ ಎಲ್ಲಿ ನುಗ್ಗುತ್ತದೆ? ಬ್ರೆಜಾ ಸಾಕು. ನಾನೇ ಓಡಿಸುತ್ತಿದ್ದೇನಲ್ಲ.

ತಮ್ಮ: ಅತ್ತೆ, ಅಗಲ ನೋಡಿ. ಬ್ರೆಜಾ 1790 ಮಿ.ಮೀ., ಕ್ರೆಟಾನೂ 1790. ನಿಮ್ಮದು ನುಗ್ಗಿದರೆ ನನ್ನದೂ ನುಗ್ಗುತ್ತದೆ.

ನಾನು: ಅವನು ಹೇಳಿದ್ದು ಸರಿ. ಗ್ರ್ಯಾಂಡ್ ವಿಟಾರಾ 1795. ನೆಕ್ಸಾನ್ 1804. ಉದ್ದದಲ್ಲಿ ಕ್ರೆಟಾಗಿಂತ ಒಂದಡಿ ಗಿಡ್ಡ ಇರುವ ಗಾಡಿ ಅಗಲದಲ್ಲಿ ಅದಕ್ಕಿಂತ ಸ್ವಲ್ಪ ದೊಡ್ಡದೇ. ಕನ್ನಡಿ ಬಿಟ್ಟು ಹೇಳಿದ ಲೆಕ್ಕ ಇದು. ದಣಪೆಯ ಮಟ್ಟಿಗೆ ನಾಲ್ಕೂ ಒಂದೇ.

ಅತ್ತೆ: ದಣಪೆ ದಾಟಿದ ಮೇಲೆ ಕೊಟ್ಟಿಗೆ ಮೂಲೆ ಇದೆಯಲ್ಲ, ಅದನ್ನು ಮರೆತಿರಾ? ಒಂದು ಕಡೆ ಕಡಿದಾದ ಮಣ್ಣಿನ ಧರೆ, ಇನ್ನೊಂದು ಕಡೆ ತೋಟದ ಬಸಿಗಾಲುವೆ. ಅಲ್ಲಿ ಬೇಕಾದದ್ದು ತಿರುಗುವ ಅಳತೆ. ಬ್ರೆಜಾದ ಟರ್ನಿಂಗ್ ರೇಡಿಯಸ್ 4.8 ಮೀಟರ್, ಗ್ರ್ಯಾಂಡ್ ವಿಟಾರಾದ್ದು 5.4. ನನ್ನದು ಒಂದೇ ಸಲಕ್ಕೆ ತಿರುಗುತ್ತದೆ. ಹೋದ ಹಬ್ಬಕ್ಕೆ ಬಂದಾಗ ಇವನು ಹಿಂದೆ ಮುಂದೆ, ಹಿಂದೆ ಮುಂದೆ ಮಾಡಿದ್ದನ್ನು ದನಗಳೂ ಎದ್ದು ನಿಂತು ನೋಡಿದವು.

ತಮ್ಮ: ಹಿಂದಿನ ಕ್ಯಾಮೆರಾಕ್ಕೆ ಕೆಸರು ಮೆತ್ತಿತ್ತು ಅತ್ತೆ.

ಅತ್ತೆ: ಕ್ಯಾಮೆರಾ ಒರೆಸಿದರೆ ಜಾಗ ಅಗಲ ಆಗುತ್ತದಾ?

ಚಿಕ್ಕಪ್ಪ (ಹೊಸನಗರ): ನಾಲ್ಕು ಮೀಟರ್ ಅಂತ ಒಂದು ಗೆರೆ ಇದೆಯಲ್ಲ, ಅದು ರಸ್ತೆಗೆ ಸಂಬಂಧಪಟ್ಟದ್ದಲ್ಲ. ಸರ್ಕಾರದ ತೆರಿಗೆಗೆ ಸಂಬಂಧಪಟ್ಟದ್ದು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ಉದ್ದ ನಾಲ್ಕು ಮೀಟರ್ ಒಳಗೆ ಇರಬೇಕು, ಜೊತೆಗೆ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ದಾಟಬಾರದು. ಅಂಥದ್ದಕ್ಕೆ ಶೇ. 18. ಅದಕ್ಕಿಂತ ದೊಡ್ಡದಕ್ಕೆ ಶೇ. 40.

ಅತ್ತೆ: ಹಾಗಾದರೆ ಬ್ರೆಜಾಕ್ಕೆ 18 ತಾನೇ?

ಚಿಕ್ಕಪ್ಪ: ಅಲ್ಲ! ಅದರ ಪೆಟ್ರೋಲ್ ಎಂಜಿನ್ 1462 ಸಿಸಿ. ಉದ್ದದಲ್ಲಿ ಪಾಸು, ಎಂಜಿನ್ನಿನಲ್ಲಿ ಫೇಲು. ಶೇ. 40ರ ಸಾಲಿಗೇ ಸೇರುತ್ತದೆ. ನೆಕ್ಸಾನಿನ ಪೆಟ್ರೋಲೂ ಡೀಸೆಲ್ಲೂ ಎರಡೂ 18ರಲ್ಲಿ ಬರುತ್ತವೆ. ಮಹೀಂದ್ರಾದ ಎಕ್ಸ್‌ಯುವಿ 3ಎಕ್ಸ್‌ಒ ಕೂಡ ಹಾಗೇ. ಇದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ ಬೇರೆ. ಐದು ಲಕ್ಷ ದಾಟಿ ಹತ್ತು ಲಕ್ಷದ ಒಳಗೆ ಇದ್ದರೆ ಶೇ. 14, ಹತ್ತು ದಾಟಿದರೆ ಇಪ್ಪತ್ತು ಲಕ್ಷದವರೆಗೆ ಶೇ. 17, ಅದರ ಮೇಲೊಂದು ಸೆಸ್. ಶೋರೂಮಿನವರು ಮೊದಲು ಹೇಳುವ ಬೆಲೆಯಲ್ಲಿ ಇದು ಯಾವುದೂ ಇರುವುದಿಲ್ಲ. ಅಣ್ಣ, ಹತ್ತು ಲಕ್ಷದ ಆಚೆ ಈಚೆ ಇರುವ ಗಾಡಿ ನೋಡುವಾಗ ಆನ್‌ರೋಡ್ ಬೆಲೆ ಕೇಳದೆ ತಲೆ ಆಡಿಸಬೇಡ.

ದೊಡ್ಡಪ್ಪ: ದುಡ್ಡಿನ ಮಾತು ಆಮೇಲೆ. ನನ್ನ ಚಿಂತೆ ಮನೆಗೆ ಬರುವ ದಾರಿಯ ಆ ಏರು. ಜುಲೈಯಲ್ಲಿ ಕೆಂಪು ಮಣ್ಣು ಕರಗಿ ಸಾಬೂನಿನ ಹಾಗೆ ಆಗುತ್ತದೆ.

ತಮ್ಮ: ಎಸ್‌ಯುವಿ ಅಲ್ವಾ ದೊಡ್ಡಪ್ಪ, ಹತ್ತೇ ಹತ್ತುತ್ತದೆ.

ಚಿಕ್ಕಪ್ಪ: ಇಲ್ಲೇ ನೀವೆಲ್ಲ ಮೋಸ ಹೋಗುವುದು. ಈ ಚಾರ್ಟಿನಲ್ಲಿ ಇರುವುದು ಜೀಪಲ್ಲ, ಎತ್ತರದ ಕಾರು. ಅದಕ್ಕೇ ಇವನ್ನು ಕ್ರಾಸ್‌ಓವರ್ ಅನ್ನುವುದು. ಕಾರಿನ ಹಾಗೆ ಒಂದೇ ಅಚ್ಚಿನ ಬಾಡಿ, ಕೆಳಗೆ ಬೇರೆ ಚಾಸಿ ಇಲ್ಲ. ಎಳೆಯುವುದು ಮುಂದಿನ ಎರಡು ಚಕ್ರ. ಏರು ಹತ್ತುವಾಗ ಭಾರ ಹಿಂದಕ್ಕೆ ಬೀಳುತ್ತದೆ, ಮುಂದಿನ ಚಕ್ರ ಹಗುರ ಆಗುತ್ತದೆ. ಕೆಸರಿದ್ದರೆ ಅಲ್ಲೇ ಗಿರಗಿರ ತಿರುಗುತ್ತಾ ನಿಲ್ಲುತ್ತದೆ. ಹಿಂದೆ ಎರಡು ಮೂಟೆ ಅಡಿಕೆ ಹಾಕಿದರೆ ಇನ್ನೂ ಕಷ್ಟ. ಸುಮ್ನೆ ಹೇಳುತ್ತಿಲ್ಲ, ನಮ್ಮ ಕಡೆ ಡ್ರೈವರುಗಳು ಮಳೆಗಾಲದಲ್ಲಿ ಕಾರನ್ನು ರಿವರ್ಸ್ ಗೇರಿನಲ್ಲಿ ಏರು ಹತ್ತಿಸುವುದನ್ನು ನೋಡಿದ್ದೇನೆ. ಆಗ ಭಾರ ಎಳೆಯುವ ಚಕ್ರದ ಮೇಲೇ ಬೀಳುತ್ತದೆ.

ಭಾವ (ಶಿವಮೊಗ್ಗ): ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ಇರುವ ಅಂತರ, ಮರೆಯಬೇಡಿ ಮಾವ. ಕ್ರೆಟಾ 190 ಮಿ.ಮೀ., ನೆಕ್ಸಾನ್ 208, ಗ್ರ್ಯಾಂಡ್ ವಿಟಾರಾ 210.

ಚಿಕ್ಕಪ್ಪ: ಅದು ಖಾಲಿ ಗಾಡಿಯ ಲೆಕ್ಕ ಅಳಿಯಂದಿರೇ. ಐದು ಜನ ಕೂತ ಮೇಲೆ ಅಷ್ಟು ಉಳಿಯುವುದಿಲ್ಲ. ಮೋರಿ ಹತ್ತಿರ ತಾಗುವುದು ಹೊಟ್ಟೆಯಲ್ಲ, ಮುಂದಿನ ಬಂಪರು. ಅದು ಎಷ್ಟು ಮುಂದಕ್ಕೆ ಚಾಚಿದೆ ಅಂತ ಯಾವ ಚಾರ್ಟೂ ಹೇಳುವುದಿಲ್ಲ.

ತಮ್ಮ: ಹಾಗಾದರೆ ಫೋರ್ ವೀಲ್ ಡ್ರೈವ್ ತೆಗೆದುಕೊಳ್ಳಲಿ. ಗ್ರ್ಯಾಂಡ್ ವಿಟಾರಾದಲ್ಲಿ ಆಲ್‌ಗ್ರಿಪ್ ಅಂತ ಬರುತ್ತದೆ. ಇಲ್ಲದಿದ್ದರೆ ಥಾರ್.

ಅಕ್ಕ (ಶಿವಮೊಗ್ಗ): ಮೂರು ಬಾಗಿಲಿನ ಥಾರಿನ ಹಿಂದಿನ ಸೀಟಿಗೆ ದೊಡ್ಡಮ್ಮ ಹತ್ತುವುದನ್ನು ಊಹಿಸಿಕೋ.

ನಾನು: ಆಲ್‌ಗ್ರಿಪ್ ಎಲ್ಲ ಮಾದರಿಯಲ್ಲೂ ಇಲ್ಲ, ಮೇಲಿನ ಮಾದರಿಗೇ ಹೋಗಬೇಕು. ಕಷ್ಟ ಇರುವುದು ಅಷ್ಟೇ ಅಷ್ಟು ಏರಿನಲ್ಲಿ, ವರ್ಷದಲ್ಲಿ ಮೂರು ನಾಲ್ಕು ತಿಂಗಳು. ಅದಕ್ಕಾಗಿ ಗಾಡಿಗೆ ಲಕ್ಷ ಲಕ್ಷ ಸುರಿಯುವ ಬದಲು ಏರಿಗೇ ಖರ್ಚು ಮಾಡಿದರೆ ಆಗದಾ? ಚಕ್ರ ಓಡುವ ಕಡೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ, ಮೇಲೆ ಅಡ್ಡ ಗೀರು ಎಳೆಸಿದರೆ ಸಾಕು. ಹಾಲಿನ ಗಾಡಿಗೂ ಅನುಕೂಲ.

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಕಾರಿನ ಚರ್ಚೆಯಲ್ಲಿ ಸಿಮೆಂಟಿನ ಮಾತು ಯಾರಿಗೆ ಬೇಕು?

ತಮ್ಮ: ಫೀಚರ್ಸ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಪನೋರಮಿಕ್ ಸನ್‌ರೂಫ್, ಓಡಿಸುವವರಿಗೆ ತಾನೇ ನೆರವಾಗುವ ಅಡಾಸ್, ತಂಪು ಗಾಳಿ ಬರುವ ಸೀಟು.

ಚಿಕ್ಕಪ್ಪ: ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗಿಂತ ಜಾಸ್ತಿ ಮಳೆ. ನಾವು ಜೀವಮಾನ ಇಡೀ ಮಾಡು ಸೋರದ ಹಾಗೆ ಹೆಂಚು ಹೊದಿಸುವವರು. ನೀನು ಮಾಡಿಗೆ ತೂತು ಕೊರೆಸು ಅನ್ನುತ್ತೀಯಲ್ಲ.

ಅಕ್ಕ: ಸನ್‌ರೂಫಿನ ಮೂಲೆಗಳಲ್ಲಿ ನೀರು ಇಳಿಯುವ ಸಣ್ಣ ಕೊಳವೆ ಇರುತ್ತವೆ. ಮರದ ಕೆಳಗೆ ನಿಲ್ಲಿಸಿದರೆ ಎಲೆ, ಧೂಳು ತುಂಬಿ ಕಟ್ಟಿಕೊಳ್ಳುತ್ತವೆ. ಆಮೇಲೆ ನೀರು ಒಳಗೇ ಇಳಿಯುತ್ತದೆ. ನನ್ನ ಗೆಳತಿಯ ಗಾಡಿಯಲ್ಲಿ ಹಾಗೇ ಆಗಿ ಕಾಲಡಿಯ ಕಾರ್ಪೆಟ್ ನಾತ ಹೊಡೆಯಿತು.

ತಮ್ಮ: ಅಡಾಸ್ ಆದರೂ ಬೇಕು. ಅದು ಜೀವ ಉಳಿಸುತ್ತದೆ.

ಭಾವ: ಹೆದ್ದಾರಿಯಲ್ಲಿ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ಅದು ಕ್ಯಾಮೆರಾ, ರೇಡಾರ್ ನಂಬಿ ಕೆಲಸ ಮಾಡುವುದು. ಲೇನ್ ಕಾಯಬೇಕಾದರೆ ರಸ್ತೆಯಲ್ಲಿ ಬಿಳಿ ಗೆರೆ ಕಾಣಬೇಕು. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿಗೆ ಹೋಗಿ ನೋಡು, 14 ಹೇರ್‌ಪಿನ್ ತಿರುವು, ಮೇಲಿಂದ ಮಂಜು. ಗೆರೆ ಹುಡುಕುವುದು ಹೇಗೆ?

ಅಕ್ಕ: ಇವರು ಅಡಾಸ್ ಬಗ್ಗೆ ಇಷ್ಟು ಹೇಳುತ್ತಾರಲ್ಲ, ತಮ್ಮ ಡೀಸೆಲ್ ಗಾಡಿಯ ಕಥೆ ಹೇಳಲಿ.

ಭಾವ: ಈ ಸಂದೇಶವನ್ನು ಅಳಿಸಲಾಗಿದೆ

ಅಕ್ಕ: ಅಳಿಸಿದರೂ ನಾನು ಓದಿದೆ. ಸರಿ, ನಾನೇ ಹೇಳುತ್ತೇನೆ. ಬಿಎಸ್6 ಹೊಗೆ ನಿಯಮ ಬಂದ ಮೇಲೆ, ಅಂದರೆ 2020ರ ಏಪ್ರಿಲ್ ನಂತರ, ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅಂತ ಒಂದು ಜಾಲರಿ ಇರುತ್ತದೆ. ಮಸಿ ಹಿಡಿದಿಡುವುದು ಅದರ ಕೆಲಸ. ಹಿಡಿದ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿ ಚೆನ್ನಾಗಿ ಬಿಸಿ ಆಗಬೇಕು. ಇವರು ಓಡಿಸುವುದು ವಿನೋಬನಗರದಿಂದ ನೆಹರೂ ರಸ್ತೆಗೆ, ವಾಪಸ್ ಮನೆಗೆ. ಎಂಜಿನ್ ಬಿಸಿ ಆಗುವುದರೊಳಗೆ ಆಫೀಸು ಬಂದಿರುತ್ತದೆ. ಮಸಿ ಕಟ್ಟಿ ದೀಪ ಹತ್ತುತ್ತದೆ. ಈಗ ಭಾನುವಾರ ಆದರೆ ಸಾಕು, ‘ಬಾ, ಭದ್ರಾವತಿ ಕಡೆ ಹೋಗಿ ಬರೋಣ’ ಅನ್ನುತ್ತಾರೆ. ಪ್ರೀತಿ ಅಂದುಕೊಂಡಿದ್ದೆ. ಮಸಿ ಸುಡುವುದಕ್ಕೆ!

ಭಾವ: ಹೆದ್ದಾರಿ ಓಡಾಟ ಇರುವವರಿಗೆ ಡೀಸೆಲ್ಲೇ ಒಳ್ಳೆಯದು. ಘಾಟಿಯಲ್ಲಿ ಎಳೆಯುವ ಶಕ್ತಿ ಪೆಟ್ರೋಲಿಗೆ ಬರುವುದಿಲ್ಲ.

ನಾನು: ಅದು ನಿಜ ಭಾವ. ಆದರೆ ದೊಡ್ಡಪ್ಪ ಓಡಿಸುವುದು ತೋಟದಿಂದ ಸೊಸೈಟಿಗೆ, ಪೇಟೆಗೆ. ಅದು ನಿಮ್ಮದಕ್ಕಿಂತ ಗಿಡ್ಡ ಓಡಾಟ. ಅಲ್ಲಿ ದೀಪ ಹತ್ತಿದರೆ ದೊಡ್ಡಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು?

ಅತ್ತಿಗೆ (ಶಿವಮೊಗ್ಗ): ಪೆಟ್ರೋಲ್ ಜೊತೆ ಬ್ಯಾಟರಿಯೂ ಇರುವ ಹೈಬ್ರಿಡ್ ನೋಡಿ ಮಾವ. ನಮ್ಮದು ಟೊಯೋಟಾ ಹೈರೈಡರ್, ಬಿಡದಿಯಲ್ಲೇ ಆದದ್ದು. ಪೇಟೆಯಲ್ಲಿ ಅರ್ಧ ಹೊತ್ತು ಬ್ಯಾಟರಿಯಲ್ಲೇ ಓಡುತ್ತದೆ. ಚಾರ್ಜಿಗೆ ಹಾಕುವ ಗೋಳಿಲ್ಲ, ಘಾಟಿ ಇಳಿಯುವಾಗ ತಾನೇ ತುಂಬಿಕೊಳ್ಳುತ್ತದೆ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ. ಒಂದೇ ಬೇಜಾರು ಡಿಕ್ಕಿಯದು. ಅಲ್ಲಿ ಬ್ಯಾಟರಿ ಕೂತಿದೆ. ಎರಡು ಹಲಸಿನ ಹಣ್ಣು ಇಟ್ಟರೆ ಬ್ಯಾಗು ಮಡಿಲಲ್ಲಿ.

ನಾನು: ಇದನ್ನೂ ಚಾರ್ಟು ಮುಚ್ಚಿಟ್ಟಿದೆ. ಗ್ರ್ಯಾಂಡ್ ವಿಟಾರಾ 373 ಲೀಟರ್ ಅಂತ ಬರೆದದ್ದು ಸಾದಾ ಮಾದರಿಯ ಲೆಕ್ಕ. ಹೈಬ್ರಿಡ್‌ನಲ್ಲಿ 265.

ಭಾವ: ಗಟ್ಟಿತನ ಬೇಕಾದರೆ ನೆಕ್ಸಾನ್. 2018ರಲ್ಲಿ ಕಾರು ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರು. ಕ್ರೆಟಾಗೆ 2022ರಲ್ಲಿ ಸಿಕ್ಕಿದ್ದು ಮೂರು.

ತಮ್ಮ: ಅದು ಹಳೆಯ ಮಾದರಿ ಭಾವ! 2024ರ ಜನವರಿಯಲ್ಲಿ ಹೊಸ ರೂಪ ಬಂತು, ಎಲ್ಲ ಮಾದರಿಗೂ ಆರು ಏರ್‌ಬ್ಯಾಗ್ ಇವೆ. ಹಳೆಯ ಅಂಕಪಟ್ಟಿ ತೋರಿಸಿ ಬೈಯಬೇಡಿ.

ದೊಡ್ಡಪ್ಪ: ಸ್ಟಾರು ಸರಿ. ಕೆಟ್ಟು ನಿಂತರೆ ಯಾರು ಬರುತ್ತಾರೆ? ಹಳೆಯ ಗಾಡಿಯ ಒಂದು ಸೆನ್ಸರಿಗೆ ಎರಡು ವಾರ ಕಾದೆ. ಶಿವಮೊಗ್ಗಕ್ಕೆ 60 ಕಿ.ಮೀ. ಹೋಗುವುದು, ‘ಪಾರ್ಟು ಬಂದಿಲ್ಲ ಸಾರ್’, ವಾಪಸ್ ಬರುವುದು. ಅದೂ ಕೆಟ್ಟದ್ದು ಯಾಕೆ? ಇಲಿ ವೈರು ಕಡಿದದ್ದು.

ಅತ್ತೆ: ಗಾಡಿಯಲ್ಲಿ ವೈರು ಜಾಸ್ತಿ ಇದ್ದಷ್ಟೂ ಇಲಿಗೆ ಹಬ್ಬ. ಅದಕ್ಕೇ ಸರಳ ಪೆಟ್ರೋಲ್ ಗಾಡಿ ಅನ್ನುವುದು ನಾನು. ನಮ್ಮೂರ ಮೆಕ್ಯಾನಿಕ್ ಬಾನೆಟ್ ಎತ್ತಿದರೆ ಅವನಿಗೆ ಅರ್ಥ ಆಗಬೇಕು.

ನನ್ನ ಮತವೂ ಅತ್ತೆಯ ಕಡೆಗೇ. ಬ್ರೆಜಾನೇ ಆಗಬೇಕು ಅಂತಲ್ಲ. ನಾಲ್ಕು ಮೀಟರ್ ಒಳಗಿನ ಪೆಟ್ರೋಲ್ ಗಾಡಿ, ಬಿಡಿಭಾಗ ತೀರ್ಥಹಳ್ಳಿಯಲ್ಲೇ ಸಿಗುವಂಥದ್ದು. ಹಾಗಂತ ಬರೆಯುವಷ್ಟರಲ್ಲಿ ದೊಡ್ಡಮ್ಮನ ಧ್ವನಿ ಸಂದೇಶ ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು.

ದೊಡ್ಡಮ್ಮ: ಬೆಳಿಗ್ಗೆಯಿಂದ ಟಿಂಗ್ ಟಿಂಗ್ ಅಂತ ಫೋನು ಬಡಿದುಕೊಳ್ಳುತ್ತಿದೆ. ನನ್ನನ್ನು ಒಬ್ಬರೂ ಕೇಳಲಿಲ್ಲ. ಹಳೆಯ ಕಾರಿನಲ್ಲಿ ಕೂರಬೇಕಾದರೆ ಬಾವಿಗೆ ಇಳಿದ ಹಾಗೆ. ಏಳಬೇಕಾದರೆ ಇಬ್ಬರು ಕೈ ಹಿಡಿಯಬೇಕು. ಜೀಪಿಗಾದರೆ ಏಣಿ ಬೇಕು. ಸೀಟು ನನ್ನ ಸೊಂಟದ ಎತ್ತರಕ್ಕೆ ಇರಲಿ, ತಿರುಗಿ ಕೂತರೆ ಕೂತ ಹಾಗೆ ಆಗಬೇಕು. ಮಂಡಿ ಕೇಳುವುದು ಅಷ್ಟೇ. ಉಳಿದದ್ದು ಯಾವುದಾದರೂ ತನ್ನಿ.

ತಮ್ಮ: ದೊಡ್ಡಮ್ಮ, ಸೀಟಿನ ಎತ್ತರ ಯಾವ ವೀಡಿಯೊದಲ್ಲೂ ಹೇಳುವುದಿಲ್ಲ.

ಅಕ್ಕ: ಎತ್ತರದ ಕಾರನ್ನು ಅರ್ಧ ಊರು ಕೊಳ್ಳುವುದೇ ಇದಕ್ಕೆ. ಆಫ್‌ರೋಡ್ ಗೀಫ್‌ರೋಡ್ ಎಲ್ಲ ಬಾಯಿಮಾತು.

ದೊಡ್ಡಪ್ಪ: ಶನಿವಾರ ಟೆಸ್ಟ್ ಡ್ರೈವಿಗೆ ಎರಡು ಗಾಡಿ ಮನೆಗೇ ತರಲು ಹೇಳಿದ್ದೇನೆ, ಎರಡೂ ಪೆಟ್ರೋಲ್, ಎರಡೂ ಗಿಡ್ಡ. ಇವಳು ಕೂತು ನೋಡಲಿ. ಸಾಗರದಿಂದ ನೀನೂ ಬಾ, ಕೊಟ್ಟಿಗೆ ಮೂಲೆಯಲ್ಲಿ ತಿರುಗಿಸುವುದು ನಿನ್ನ ಕೆಲಸ. ಕಾಂಕ್ರೀಟಿನವನಿಗೂ ಅವತ್ತೇ ಬಂದು ಏರು ಅಳೆಯಲು ಹೇಳಿದ್ದೇನೆ.

ತಮ್ಮ: ಸನ್‌ರೂಫ್?

ದೊಡ್ಡಪ್ಪ: ಬೇಡ.